ಮೂವತ್ತು ಪೇಪರು, ಇಪ್ಪತ್ತೊಂಬತ್ತು ಸಹಿ

“ಮೊದ್ಲ ಮೇಜು ಬಡಿಯೋದು ನಿಲ್ಲಸಪಾ, ಚಾ ಚೆಲ್ಲತೈತಿ,” ಅಂದ ಕ್ಲಾರ್ಕು. ಚೆಲ್ಲಲಿ ಅಂತನ ನಾ ಬಡಿದಿದ್ದೆ. ನನ್ನ ತಂಗಿ ಸುನಂದಾ ಹಿಂದ ನಿಂತು ನನ್ನ ಅಂಗಿ ಜಗ್ಗಾಕತ್ತಿದ್ಲು. ಸಿಂಧನೂರಾಗ ಆಕಿ ಎಂ.ಕಾಂ. ಕಲಿಯೋ ಕಾಲೇಜಿನ ಆಫೀಸು ಅದು. ರಿಜಲ್ಟ್ ಬಂದಿತ್ತು. ಎಲ್ಲಾ ಪೇಪರಿನಾಗೂ ಛಲೋ ಮಾರ್ಕ್ಸು, ಅಕೌಂಟಿಂಗ್ ಪೇಪರಿನ ಮುಂದ ಮಾತ್ರ ‘ಗೈರುಹಾಜರಿ’ ಅಂತ ಬರದಿದ್ರು. ಗೈರು ಹೆಂಗ ಆಕಾಳ್ರೀ? ನಾನ ಬೈಕಿನ ಮ್ಯಾಲ ಕುಂದ್ರಿಸಿಕೊಂಡು ಹೋಗಿ ಗೇಟಿಗೆ ಇಳಿಸೀನಿ, ನಾನ ವಾಪಸ್ ಕರಕೊಂಡು ಬಂದೀನಿ. ನಡುವ ಒಳಗ ಕುಂತು ಆಕಿ ಏನು ಎಮ್ಮಿ ಮೈ ತೊಳೀತಿದ್ಲೇನು?

ಕ್ಲಾರ್ಕು ಚಾದ ಗ್ಲಾಸು ಒಂದು ಗೇಣು ಸರಿಸಿಟ್ಟು ಹೇಳಿದ: “ಬಂಡಲಿನಾಗ ಪೇಪರು ಮೂವತ್ತು ಅದಾವು. ಹಾಜರಿ ಹಾಳ್ಯಾಗ ಸಹಿ ಇಪ್ಪತ್ತೊಂಬತ್ತ ಅದಾವು. ನಿನ್ನ ತಂಗಿ ಸಹಿ ಇಲ್ಲ. ಸಹಿ ಇಲ್ಲಂದ್ರ ಮನಷಾನ ಇಲ್ಲ.”

“ಮತ್ತ ಆ ಮೂವತ್ತನೇ ಪೇಪರು ಯಾರು ಬರದಾರ? ನಿಮ್ಮ ಮಾವ ಬರದಾನೇನು? ಆಕಿ ನಂಬರ ಅದರ ಮ್ಯಾಲ ಐತಲ್ಲ!”

“ನಂಬರ ಯಾರು ಬೇಕಾದ್ರೂ ಬರೀಬಹುದಪಾ. ಆ ದಿನ ರೂಮಿನಾಗ ಇದ್ದ ಸರ್ ಕಡಿಂದ ‘ಈ ಹುಡುಗಿ ಬಂದಿದ್ಲು, ನನ್ನ ಮುಂದ ಬರದಾಳ’ ಅಂತ ಬರಸ್ಕೊಂಡು ಬಾ. ನಾಳೆ ಶನಿವಾರ, ಕಡೀ ದಿನ. ಇಲ್ಲಾಂದ್ರ ಮುಂದಿನ ವರ್ಷ ಮತ್ತ ಕಟ್ಟಲಿ. ಆ ಸರ್ ಈಗ ಇಲ್ಲಿಲ್ಲ, ಲಿಂಗಸುಗೂರಿಗೆ ತಮ್ಮ ಮನಿಗೆ ಹೋಗ್ಯಾರ.”

ಮುಂದಿನ ವರ್ಷ ಅಂತ ಇವ ಸರಳ ಅಂದಬಿಟ್ಟ. ನಮ್ಮ ಮನ್ಯಾಗ ಮುಂದಿನ ವರ್ಷ ಅನ್ನೋದು ಇಲ್ಲ. ನಮ್ಮಪ್ಪ ಆಕೀನ್ನ ಓದಾಕ ಕಳಸಿದ್ದ ಒಂದ ಮಾತಿನ ಮ್ಯಾಲ: “ಪಾಸಾಕ್ಕೋತ ಇರೋತನಕ ಓದು. ಒಂದು ವರ್ಷ ಪೇಲಾಗಿ ಕುಂತ್ರೂ ಪುಸ್ತಕ ಕಟ್ಟಿ ಅಟ್ಟದ ಮ್ಯಾಲ ಇಡ್ತೀನಿ.” ನಮ್ಮಪ್ಪ ಅಂದಂಗ ಮಾಡಾಂವ. ನಾ ಏಳನೇ ಕ್ಲಾಸಿನಾಗ ಪೇಲಾದಾಗ ಅಟ್ಟದ ಮ್ಯಾಲ ಇಟ್ಟ ನನ್ನ ಪಾಟೀಚೀಲ ಇನ್ನೂ ಅಲ್ಲೇ ಐತಿ, ಇಲಿ ಮರಿ ಹಾಕ್ಯಾವು ಅದರಾಗ. ಸುನಂದಾನ ಚೀಲಾನೂ ಅದರ ಬಾಜೂಕ ಹೋಗಿ ಕುಂದ್ರೂದು ನನಗ ಬ್ಯಾಡಾಗಿತ್ತು.

ನನಗ ಆಕಿ ಓದೋದು ತಿಳೀತೈತಿ ಅಂತ ಅಲ್ಲ. ನಂಗ ತಿಳಿಯೂದ ಇಲ್ಲ, ಅದಕ್ಕ ಸಿಟ್ಟು. ಒಂದಿನ ಪಡಸಾಲ್ಯಾಗ ಕುಂತು “ಬಂದದ್ದು ಡೆಬಿಟ್, ಹೋಗಿದ್ದು ಕ್ರೆಡಿಟ್” ಅಂತ ಬಾಯಿಪಾಠ ಮಾಡಾಕತ್ತಿದ್ಲು. “ಏ ಹುಚ್ಚಿ, ನನ್ನ ಫೋನಿಗೆ ಬ್ಯಾಂಕಿನವರು ಡೆಬಿಟ್ ಅಂತ ಮೆಸೇಜ್ ಹಾಕಿದ್ರ ರೊಕ್ಕ ಹೋತು ಅಂತ ಅರ್ಥ. ನೀ ಉಲ್ಟಾ ಕಲಿಯಾಕತ್ತೀಯಲ್ಲ!” ಅಂದೆ. “ಅದು ಬ್ಯಾಂಕಿನ ಪುಸ್ತಕದ ಲೆಕ್ಕ ಅಣ್ಣ, ಇದು ನಮ್ಮ ಪುಸ್ತಕದ್ದು,” ಅಂದ್ಲು. ಒಂದ ರೊಕ್ಕಕ್ಕ ಎರಡು ಪುಸ್ತಕದಾಗ ಎರಡು ಹೆಸರು. ಇಂಥಾದ್ದನ್ನ ಕಲಸಾಕ ಫೀ ಬ್ಯಾರೆ ತಗೋತಾರ. ಇನ್ನೊಂದಿನ ನಮ್ಮ ಟ್ರ್ಯಾಕ್ಟರ್ ನೋಡಿ, “ಇದರ ಬೆಲಿ ವರ್ಷಾ ವರ್ಷಾ ಇಳಸಿ ಬರೀಬೇಕು, ಸವಕಳಿ ಅಂತಾರ,” ಅಂದ್ಲು. ಅವತ್ತ ಮುಂಜಾನೆ ನಾ ಅದನ್ನ ತೊಳದು, ಎಣ್ಣಿ ಹಚ್ಚಿ, ಮುಂದ ಹೊಸಾ ಹೂವಿನ ಹಾರ ಹಾಕಿದ್ದೆ. ಎರಡು ದಿನ ಆಕಿ ಜೋಡಿ ಮಾತಾಡಲಿಲ್ಲ.

ಆದ್ರೂ ಒಂದು ಮಾತು ಹೇಳ್ತೀನಿ. ಆಕಿ ಲೆಕ್ಕ ಕೂಡಲಿಲ್ಲಂದ್ರ ಊಟ ಬಿಟ್ಟು ಕುಂದ್ರತಾಳ. ಎರಡೂ ಕಡಿ ಒಂದ ಮೊತ್ತ ಬರಬೇಕಂತ. ಒಂದು ರೂಪಾಯಿ ವ್ಯತ್ಯಾಸ ಬಂದ್ರ ಮತ್ತ ಮ್ಯಾಲಿಂದ ನೋಡ್ತಾಳ. ಇಂಥಾದ್ದು ಕಲಸೋ ಮಂದಿ ಮೂವತ್ತು ಪೇಪರು, ಇಪ್ಪತ್ತೊಂಬತ್ತು ಸಹಿ ಇಟಗೊಂಡು ಹೆಂಗ ನಿದ್ದಿ ಮಾಡ್ತಾರ? ನಮ್ಮೂರಾಗ ನೆಲ್ಲಿನ ಚೀಲ ಲಾರಿಗೆ ಏರಸೋ ಹಮಾಲರು ಒಬ್ಬರೂ ಸಾಲಿ ಕಟ್ಟಿ ಹತ್ತಿಲ್ಲ. ಒಂದು ಚೀಲ ಹೆಚ್ಚುಕಮ್ಮಿ ಆದ್ರ ಲಾರಿ ನಿಂದ್ರಸತಾರ.

ಇದನ್ನ ನಾ ಸಿಂಧನೂರಿಂದ ಮಸ್ಕಿತನಕ ಬೈಕಿನ ಮ್ಯಾಲ ಒದರಕೋತ ಹೋದೆ. ನನ್ನ ಬೈಕಿಗೆ ಲಾರಿ ಹಾರ್ನು ಹಾಕಿಸೀನಿ. ಆಡು, ಎಮ್ಮಿ, ನಡುವ ಹೊಂಟ ಮಂದಿ, ಎಲ್ಲಾರೂ ಒಂದ ಸಲಕ್ಕ ದಾರಿ ಬಿಡ್ತಾರ. ಅವತ್ತು ಸಿಟ್ಟಿನಾಗ ಖಾಲಿ ರೋಡಿಗೂ ಹೊಡದೆ. ಮಸ್ಕ್ಯಾಗ ಇಳದು ಮಂಡಾಳು ಮಿರ್ಚಿ ತಗೊಂಡ್ವಿ. ಸುನಂದಾ ಮಿರ್ಚಿ ಕೈಯಾಗ ಹಿಡಕೊಂಡು, “ಅಣ್ಣ, ಒಂದು ಮಾತು ಹೇಳೂದೈತಿ. ಆ ದಿನ ಏನಾತಂದ್ರ...” ಅಂದ್ಲು.

“ನೀ ಸುಮ್ಕಿರು. ನಿಂದೇನೂ ತಪ್ಪಿಲ್ಲ. ಮಾತಾಡೋದು ನಾನು.”

“ಹಂಗಲ್ಲ ಅಣ್ಣ...”

“ತಿನ್ನಬೇ, ತಡಾ ಆಕೈತಿ.”

ಆಕಿ ಸುಮ್ನ ತಿಂದ್ಲು. ಲಿಂಗಸುಗೂರಿಗೆ ಗಾಡಿ ಬಿಟ್ಟೆ.

ಸರ್ ಮನಿ ಸಿಗೂದು ತಡಾ ಆಗಲಿಲ್ಲ. ಬಾಗಲ ಮುಂದ ಬೈಕ್ ನಿಲ್ಲಿಸಿ ಎರಡು ಸಲ ಹಾರ್ನ್ ಹೊಡದೆ. ಬನೀನು, ಕನ್ನಡಕ ಹಾಕ್ಕೊಂಡ ಸಣಕಲ ಮನಷಾ ಕಿವಿ ಮುಚ್ಚಿಕೊಂಡು ಹೊರಗ ಬಂದ್ರು. ಕುಂದ್ರು ಅನ್ನೂದರೊಳಗ ಶುರು ಮಾಡಿದೆ: “ಅಲ್ರೀ ಸರ್, ಲೆಕ್ಕ ಕಲಸೋರು ನೀವು. ಒಂದು ರೂಮಿನಾಗ ಮೂವತ್ತು ಹುಡುಗ್ರನ್ನ ಎಣಸಾಕ ಬರೂದಿಲ್ಲೇನ್ರೀ? ಇಕೀದು ವರ್ಷ ಹೊಂಟೈತಿ. ಯಾರು ಜವಾಬ್ದಾರ?”

ಸರ್ ಸುನಂದಾನ್ನ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬೈಕ್ ನೋಡಿದ್ರು. “ಆ ಹಾರ್ನು ನಿಂದೇನಪಾ?”

“ಹೌದ್ರೀ. ಯಾಕ?”

“ಪರೀಕ್ಷೆ ದಿನ ಕಡೀ ಅರ್ಧ ತಾಸು ಗೇಟಿನ ಹೊರಗ ಇದ ಹಾರ್ನು ಹೊಡಕೋತಿತ್ತು. ಹುಡುಗ್ರು ಕೂಡಿಸಿದ್ದನ್ನ ಮತ್ತ ಮತ್ತ ಕೂಡಸ್ತಿದ್ರು. ಅವತ್ತು ಹಾಜರಿ ಹಾಳಿ ನನ್ನ ಕೈಗೆ ತಡಾ ಬಂದಿತ್ತು, ಮುಂದಿನ ಬೆಂಚಿನಿಂದ ಸಹಿ ಮಾಡಿಸ್ಕೋತ ಹೊಂಟಿದ್ದೆ. ಈಕಿ ಹಿಂದಿನ ಬೆಂಚು. ಪೇಪರು ನನ್ನ ಮೇಜಿನ ಮ್ಯಾಲ ಇಟ್ಟು ಓಡಿದ್ಲು. ‘ಸಹಿ, ಸಹಿ’ ಅಂತ ಎರಡು ಸಲ ಕೂಗಿದೆ. ನಿನ್ನ ಹಾರ್ನಿನಾಗ ನನ್ನ ದನಿ ನನಗ ಕೇಳಲಿಲ್ಲ. ಆಮ್ಯಾಲ ಬಂಡಲ್ ಕಟ್ಟೋ ಗದ್ದಲದಾಗ ನಾನೂ ಮರತೆ. ಅಷ್ಟು ನಂದೂ ತಪ್ಪು.”

ನಾ ಸುನಂದಾನ್ನ ನೋಡಿದೆ. ಆಕಿ ತನ್ನ ಚಪ್ಪಲಿ ನೋಡಾಕತ್ತಿದ್ಲು.

ಅವತ್ತು ನಮ್ಮ ನೀರಿನ ಪಾಳಿ ಇತ್ರೀ. ನಮ್ಮ ಗದ್ದಿ ಜವಳಗೇರಾ ಕಡಿ, ಕಾಲುವಿ ಬಾಲದಾಗ. ಪಾಳಿ ಹೊತ್ತಿಗೆ ಮನಿಯಾಂವ ಒಬ್ಬ ತೂಬಿನ ಮ್ಯಾಲ ನಿಂತಿರಬೇಕು. ನಿಂತಿಲ್ಲಂದ್ರ ಮ್ಯಾಲಿನ ಗದ್ದಿಯವರು ಕಲ್ಲು ಇಟ್ಟು ನೀರು ತಿರುವಿಕೋತಾರ, ಕೇಳಿದ್ರ “ನೀ ಎಲ್ಲಿದ್ದಿ?” ಅಂತಾರ. ಯಾರೂ ಜಗಳ ತಗಿಯೂದಿಲ್ಲ, ಅದು ಪದ್ಧತಿ. ಅಪ್ಪನ ಕಾಲು ಉಳುಕಿತ್ತು, ನಾನ ಹೋಗಿ ನಿಂದ್ರಬೇಕಾಗಿತ್ತು. ಅದಕ್ಕ ನಾ ಹಾರ್ನ್ ಹೊಡದಿದ್ದೆ. ಆಕಿ ಓಡಿ ಬಂದು ಕುಂತ್ಲು, ಕೈಗೆ ಮಸಿ ಹಂಗ ಇತ್ತು. “ಲೆಕ್ಕ ಕೂಡ್ತೇನು?” ಅಂದೆ. “ಕೂಡ್ತು,” ಅಂದ್ಲು. ಗಾಡಿ ಬಿಟ್ಟೆ. ಅವತ್ತು ನೀರು ಸಿಕ್ಕಿತ್ತು.

ಸರ್ ಒಳಗಿಂದ ಹಾಳಿ ತಂದು ಬರದ್ರು. ಈ ಹುಡುಗಿ ಬಂದಿದ್ಲು, ನನ್ನ ಮುಂದ ಬರದಾಳ, ಎಲ್ಲಾ ಬರದ್ರು. ಆಮ್ಯಾಲ ಪೆನ್ನು ನಿಲ್ಲಸಿ, “ಸಹಿ ಯಾಕ ಆಗಲಿಲ್ಲ ಅಂತ ಕಾರಣಾ ಬರೀಬೇಕು. ಏನಂತ ಬರೀಲಿ?” ಅಂದ್ರು.

ನಾ ಬಾಗಲ ಮುಂದ ನಿಂತ ಬೈಕ್ ನೋಡಿದೆ. ಸುನಂದಾ ಅಂದ್ಲು: “ಹೊರಗಿನ ಗದ್ದಲ ಅಂತ ಬರೀರಿ ಸರ್.”

ಹಂಗ ಬರದ್ರು. ಕೆಳಗ ಸಹಿ ಮಾಡಿ ಕೊಟ್ರು.

ಮಸ್ಕಿ ದಾಟೋತನಕ ನಾ ಹಾರ್ನ್ ಹೊಡೀಲಿಲ್ಲ. ಒಂದು ಎಮ್ಮಿ ನಡು ರೋಡಿನಾಗ ನಿಂತಿತ್ತು. ಬೈಕ್ ಇಳದು, ಹೋಗಿ, ಕೈಲೆ ನೂಕಿದೆ. “ಮೊದ್ಲ ಯಾಕ ಹೇಳಲಿಲ್ಲ?” ಅಂತ ಸುನಂದಾನ್ನ ಕೇಳಿದೆ. “ಮಿರ್ಚಿ ತಿನ್ನು ಅಂದ್ಯಲ್ಲ,” ಅಂದ್ಲು.

ಶನಿವಾರ ಮುಂಜಾನೆ ಕ್ಲಾರ್ಕು ಪತ್ರ ಓದಿದ. ಕಾರಣ ಬರದ ಸಾಲಿಗೆ ಬಂದು ನಿಂತ. ಸುನಂದಾನ್ನ ನೋಡಿದ, ಆಮ್ಯಾಲ ನನ್ನ ನೋಡಿದ, ನೋಡಕೋತನ ಚಾದ ಗ್ಲಾಸು ಎತ್ತಿ ಕಪಾಟಿನ ಮ್ಯಾಲ ಇಟ್ಟ. ಆಮ್ಯಾಲ ಪತ್ರದ ಮ್ಯಾಲ ಶಿಕ್ಕಾ ಹೊಡದ.

ಇಷ್ಟ. ಇನ್ನ ನಂದೇನೂ ಹೇಳೂದಿಲ್ಲ.