ಮೀನಿನ ಪಥ್ಯ

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ: ನಮ್ಮ ಮೀನು ಬದುಕಿತು! ಮೈಮೇಲೆ ಒಂದು ಚುಕ್ಕೆ ಇಲ್ಲ. ಇವತ್ತು ಮುಂಜಾನೆ ತನ್ನ ದೊಡ್ಡ ಗಾಜಿನ ಪೆಟ್ಟಿಗೆಗೆ ವಾಪಸು ಹೋಗಿ, ತವರಿಗೆ ಬಂದ ಮಗಳಂತೆ ಮೂಲೆಮೂಲೆ ನೋಡಿ, ಹಾಕಿದ್ದೆಲ್ಲ ತಿಂದಿತು. ಖುಷಿ ತಡೆಯದೆ ನವಿ ಪೇಠೆಯ ಬಟ್ಟೆ ಅಂಗಡಿಯವನಿಗೂ ಹೇಳಿ ಬಂದೆ. "ಯಾವ ಮೀನ್ರಿ ಕಾಕಾ?" ಎಂದ. ಯಾವ ಮೀನಂತೆ! ಸೊಲ್ಲಾಪುರದಲ್ಲಿ ಸಮುದ್ರದ ಮೀನು ಎಷ್ಟು ಮನೆಯಲ್ಲಿವೆ?

ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ನಂದೇಶ್ವರದ ಬಯಲಿನಲ್ಲಿ ಕುರಿ ಕಾಯ್ದವನು. ಸಮುದ್ರ ಕಂಡಿಲ್ಲ. ಕಾಲೇಜು ಓದುವ ಮೊಮ್ಮಗಳು ಸ್ವಾತಿ ನೀರಿಗೆ ಅದೇನೋ ಉಪ್ಪು ಕಲಸಿ ನಮ್ಮ ನಡುಮನೆಯಲ್ಲೇ ಸಮುದ್ರ ಮಾಡಿಟ್ಟಳು. ಅದರಲ್ಲಿ ಜೀವಂತ ಹವಳ, ಕೇಸರಿ ಬಣ್ಣದ ಒಂದೇ ಒಂದು ಮೀನು. ಎರಡು ತಿಂಗಳ ಹಿಂದೆ ಆ ಮೀನಿಗೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ ಎದ್ದವು. ಮೀನು ಊಟ ಬಿಟ್ಟಿತು. ಹುಡುಗಿಯೂ ಅರ್ಧ ರೊಟ್ಟಿಗೇ ಏಳತೊಡಗಿದಳು. ನನಗೆ ಅದನ್ನು ನೋಡಲಾಗಲಿಲ್ಲ.

"ಅವು ಹುಳ ಅಜ್ಜಾ, ಕುರಿಗೆ ಉಣ್ಣಿ ಹತ್ತಿದಂಗ. ನೀರಾಗಿನ ಉಪ್ಪು ಇಳಿಸಿದ್ರ ಹುಳ ಸಾಯ್ತಾವ, ಮೀನ ತಡಕೋತದ" ಎಂದಳು. ಹವಳ ತಡೆಯುವುದಿಲ್ಲವೆಂದು ಮೀನನ್ನಷ್ಟೇ ಬೇರೆ ಪೆಟ್ಟಿಗೆಗೆ ಹಾಕಿ, ದಿನಕ್ಕಿಷ್ಟು ಅಂತ ಸಿಹಿನೀರು ಬೆರೆಸತೊಡಗಿದಳು.

"ಉಪ್ಪು ತಗದು ಔಷಧ ಮಾಡೂದು ಎಲ್ಲ್ಯಾರ ಅದ ಏನು? ಸೊರಗಿದ ಕುರಿಗೆ ನಾವು ಉಪ್ಪು ನೆಕ್ಕಸ್ತಿದ್ವಿ!" ಎಂದೆ.

ಸೊಸೆ ಅಡುಗೆಮನೆಯಿಂದಲೇ ಅಂದಳು: "ಮಾಮಾರ, ಬಿಪಿ ಅದ, ಉಪ್ಪು ಕಡಿಮಿ ಮಾಡ್ರಿ ಅಂತ ಡಾಕ್ಟರು ನಿಮಗೂ ಹೇಳ್ಯಾರ. ಮೀನಾದ್ರೂ ಮಾತು ಕೇಳ್ತದ."

ನನಗೆ ಸಿಟ್ಟು ನೆತ್ತಿಗೇರಿತು. "ಈ ಮೀನ ಬದುಕಿ ಉಂಡ್ರ, ಅವತ್ತಿಂದ ನಾನು ತಾಟಿಗೆ ಉಪ್ಪು ಹಾಕ್ಕೊಳ್ಳಂಗಿಲ್ಲ. ಬೀರೋಬನ ಆಣಿ!"

ಆಣೆ ಬಾಯಿಯದು, ಚಾಳಿ ಕೈಯದು. ಮರುದಿನ ನಡುಮನೆ ಖಾಲಿ ಇದ್ದಾಗ ಪಾಪ ಅನ್ನಿಸಿ, ಒಂದು ಹಿಡಿ ಅಡುಗೆ ಉಪ್ಪನ್ನು ಮೀನಿನ ನೀರಿಗೆ ಹಾಕಿಬಿಟ್ಟೆ. ಸ್ವಾತಿ ಕಾಲೇಜಿನಿಂದ ಬಂದವಳೇ, ಉಪ್ಪು ಅಳೆಯುವ ಸಣ್ಣ ದುರ್ಬೀನಿನಂಥದ್ದಕ್ಕೆ ಒಂದು ಹನಿ ನೀರು ಬಿಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. "ಉಪ್ಪು ಏರ್ಯಾದ! ಯಾರು ಹಾಕಿದ್ರಿ?"

"ನಿಮ್ಮಜ್ಜನ ಧೋತರ ನೋಡವ್ವಾ, ಬೆಳ್ಳಗ ಉದುರ್ಯಾದ" ಎಂದಳು ನನ್ನ ಹೆಂಡತಿ. "ಕುರಿ ಮಾರಿದ ಮ್ಯಾಲ ಮೀನ ಕಾಯಾಕ ಕುಂತಾನ."

ಹುಡುಗಿ ಬಯ್ಯಲಿಲ್ಲ. ಕಣ್ಣು ತುಂಬಿಕೊಂಡು, "ಹಿಂಗ ಮಾಡಿದ್ರ ಹುಳಾ ಬದುಕ್ತಾವ ಅಜ್ಜಾ" ಎಂದಳಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ಸಿಹಿನೀರು ತುಂಬಿ ಕೊಡುವ ಕೆಲಸ ನಾನೇ ಹಿಡಿದೆ. ಚುಕ್ಕೆ ಉದುರಿದರೂ ಅವಳು ಬಿಡಲಿಲ್ಲ. ಹುಳದ ಮರಿ ತಳದಲ್ಲಿ ಅಡಗಿರುತ್ತವಂತೆ. ಮತ್ತೊಂದು ತಿಂಗಳು ಹಾಗೇ ಇಟ್ಟು, ಆಮೇಲೆ ಉಪ್ಪನ್ನು ಮೆಲ್ಲಗೆ ಏರಿಸಿದಳು. ಅತ್ತ ದೊಡ್ಡ ಪೆಟ್ಟಿಗೆಯಲ್ಲಿ ಕಚ್ಚಲು ಮೀನಿಲ್ಲದೆ ಉಳಿದ ಹುಳ ಸತ್ತವು.

ಸುದ್ದಿ ಕೇಳಿ ಅಕ್ಕಲಕೋಟೆಯಿಂದ ಮಗಳು ಸಂಜೆ ಬಸ್ಸಿಗೇ ಬಂದಳು, ಕೈಯಲ್ಲಿ ಒಂದು ಡಬ್ಬಿ ಶೇಂಗಾ ಚಟ್ನಿ. ಎಲ್ಲರೂ ಸಾಲಾಗಿ ಉಣ್ಣಲು ಕೂತೆವು. ಡಬ್ಬಿ ನನ್ನ ಮುಂದೆ ಬಂತು, ಸೊಸೆ ಅದನ್ನು ಆಚೆ ದಾಟಿಸಿದಳು. ಎಲ್ಲರ ತಾಟಿನ ಅಂಚಿಗೆ ಚಿಟಿಕೆ ಉಪ್ಪು ಬಿತ್ತು, ನನ್ನ ತಾಟಿಗೆ ಬೀಳಲಿಲ್ಲ.

"ಬೀರೋಬಾ ನೋಡಾಕತ್ತಾನ ಮಾಮಾರ!"

ಸ್ವಾತಿ ಆ ದುರ್ಬೀನನ್ನು ತಂದು ನನ್ನ ಪಕ್ಕದಲ್ಲೇ ಇಟ್ಟುಕೊಂಡಳು. "ನಾಳಿಂದ ನಿನ್ನ ಸಾರೂ ನೋಡ್ತೀನಿ ಅಜ್ಜಾ." ಮನೆಯೆಲ್ಲ ನಕ್ಕಿತು.

ಎದುರಿಗೆ ಮೀನು ತನ್ನ ಪೂರ್ತಿ ಉಪ್ಪಿನ ನೀರಲ್ಲಿ ಮೆರೆಯುತ್ತಿತ್ತು. ಅದರ ಪಥ್ಯ ಇವತ್ತಿಗೆ ಮುಗಿಯಿತು, ನನ್ನದು ಇವತ್ತಿಗೆ ಶುರು. ಬದನೆಕಾಯಿ ಪಲ್ಯ ಸಪ್ಪಗಿತ್ತು. ಆದರೆ ಹುಡುಗಿ ಮೂರನೇ ರೊಟ್ಟಿ ಕೇಳಿದಳು ನೋಡಿ, ನಾನೂ ನಾಲ್ಕು ತಿಂದೆ.