ನಮ್ಮ ಮಾಮಾ ಕರುಳು ತೋರಿಸಿಕೊಂಡದ್ದು

ನಮ್ಮ ಮಾಮಾ ಮದುವೆಗೆ ನೋಡಿದ್ದು ಒಂದೇ ಹೆಣ್ಣು. ಬೋರ್‌ವೆಲ್ಲಿಗೆ ಮೋಟಾರು ತರುವಾಗ ಮಾತ್ರ ನಾಲ್ಕು ತಾಲೂಕು ತಿರುಗಿದರು! ಇದನ್ನು ಹೇಳುವವಳು ನಾನಲ್ಲ, ಮಾಮಿ. ಅದೂ ಮನೆಗೆ ಬಂದವರೆದುರಿಗೆಲ್ಲ, ಚಹಾ ಕೊಡುತ್ತ. ಮಾಮಾ ಬಸಿಗೆ ಚಹಾ ಸುರಿದುಕೊಂಡು ಶಾಂತವಾಗಿ ಉತ್ತರಿಸುತ್ತಾರೆ: "ಮೋಟಾರು ಕೆಟ್ರ ತೋಟ ಎಲ್ಲಾ ಒಣಗತೈತಿ. ನೀ ಕೆಟ್ರ ನಾ ಒಬ್ಬನ ಒಣಗತೇನಿ."

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಹೊರ್ತಿಯಲ್ಲಿ ನಿಂಬೆ ತೋಟವಿದೆ. ಯಾವ ವಸ್ತುವೇ ಆಗಲಿ, ಅದನ್ನು ಬಳಸಿದವರ ಮನೆಗೇ ಹೋಗಿ, ಅವರ ಕಟ್ಟೆಯ ಮೇಲೆ ಕೂತು, "ಹೆಂಗೈತ್ರಿ?" ಎಂದು ಕೇಳದ ಹೊರತು ಮುಟ್ಟುವವರಲ್ಲ. ಮಾರುವವನ ಮಾತು ಬೇಡ, ಅನುಭವಿಸಿದವನ ಮಾತು ಬೇಕು. ಆದರೆ ಕೆಳಗಿನಿಂದ ಕೊಳವೆ ಬಿಟ್ಟು ಕರುಳು ನೋಡುವ ಕೊಲೊನೋಸ್ಕೊಪಿಯನ್ನೂ ಹೀಗೆ ವಿಚಾರಿಸಬಹುದೆಂದು ಯಾರಿಗೆ ಹೊಳೆದೀತು?

ಹೋದ ವರ್ಷ ನನ್ನ ತಾಯಿ ದೊಡ್ಡ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡಳು. ಹೇಳಿಕೊಳ್ಳಲು ನಾಚಿ, ನಾಚಿ, ಕೊನೆಗೆ ಹೇಳುವಷ್ಟರಲ್ಲಿ ತಡವಾಗಿತ್ತು. "ಒಡಹುಟ್ಟಿದವರು, ಮಕ್ಕಳು ಒಮ್ಮೆ ಕರುಳು ತೋರಿಸ್ಕೋರಿ" ಎಂದು ವಿಜಯಪುರದ ಡಾಕ್ಟರಮ್ಮ ಅಂದೇ ಹೇಳಿದ್ದರು. ಅಂದರೆ ಮಾಮಾ ಮತ್ತು ನಾನು. ನಾನೋ, ಕಾನ್ವೆಂಟಿನಲ್ಲಿ ಓದಿದವಳು! ಸೊಂಟದ ಕೆಳಗೂ ದೇಹವಿದೆ ಎಂಬುದನ್ನು ಅಲ್ಲಿ ಯಾರೂ ಒಪ್ಪಿಕೊಂಡಿರಲಿಲ್ಲ. ಸಾಲದ್ದಕ್ಕೆ ಡಾಕ್ಟರಮ್ಮನ ಆಸ್ಪತ್ರೆಯಲ್ಲಿ ಪೂರ್ತಿ ನಿದ್ದೆ ಬರಿಸುವುದಿಲ್ಲ, ಸಣ್ಣಗೆ ಮಂಪರು ಕೊಡುತ್ತಾರಂತೆ. ಅರ್ಧ ಎಚ್ಚರ ಇರುವಾಗಲೇ ಒಳಗೆ ಕ್ಯಾಮೆರಾ! ನಾನು ಒಮ್ಮೆ ಹಪ್ಪಳ ಹಾಕುವುದಿದೆ ಎಂದೆ, ಒಮ್ಮೆ ಶ್ರಾವಣ ಎಂದೆ.

"ಹಂಗಾರ ವಿಚಾರಿಸಿ ನೋಡೂಣು," ಎಂದರು ಮಾಮಾ. "ತ್ರಾಸ ಕಡಿಮಿ ಯಾವುದರಾಗ ಐತಿ, ಮಾಡಿಸ್ಕೊಂಡವರನ್ನ ಕೇಳಿದ್ರಾತು. ಏಳವ್ವಾ, ಗಾಡಿ ಹತ್ತು."

ಇಂಡಿಯಲ್ಲೇ, ನಮ್ಮ ಮನೆಯ ಹಿಂದಿನ ಓಣಿಯಲ್ಲಿ, ಕಾಳಿನ ವ್ಯಾಪಾರಿಯೊಬ್ಬರು ಸಿಕ್ಕರು. ಅವರಿಗೆ ಬೇರೆ ಕಡೆ ಪೂರ್ತಿ ಮಲಗಿಸಿ ಮಾಡಿದ್ದರಂತೆ.

"ಹೆಂಗಿತ್ರಿ?"

"ಏನೂ ಗೊತ್ತಾಗ್ಲಿಲ್ಲರಿ."

ಮಾಮಾ ಎದ್ದೇಬಿಟ್ಟರು. "ನಿದ್ದಿ ಮಾಡಿದವನ ಸಾಕ್ಷಿ ಯಾವ ಕೋರ್ಟಿನಾಗ ನಡೀತೈತಿ?"

ಬಸವನ ಬಾಗೇವಾಡಿಯ ಒಬ್ಬರಿಗೆ ನೋವು ಮರೆಯಲೆಂದು ಕಿವಿಗೆ ಹಾಡು ಹಚ್ಚಿದ್ದರು. "ಹಾಡು ಭಾಳ ಚಲೋ ಇತ್ರಿ. ಹೊಟ್ಟಿಗೆ ಕೇಳಿಸ್ಲಿಲ್ಲ, ಅಷ್ಟ!" ಮುದ್ದೇಬಿಹಾಳದ ಬೀಗರಿಗೆ, ಕರುಳು ಹಿಗ್ಗಲೆಂದು ಬಿಡುವ ಗಾಳಿಯ ಬದಲು, ಬೆಚ್ಚಗಿನ ನೀರು ಬಿಡುತ್ತ ಕ್ಯಾಮೆರಾ ಸರಿಸಿದ್ದರು. ಉಬ್ಬರವೇ ಆಗಲಿಲ್ಲವಂತೆ. ಮಾಮಾ ತೊಡೆ ತಟ್ಟಿಕೊಂಡರು. "ಹೌದಲ್ಲ! ಡ್ರಿಪ್ ಪೈಪಿನಾಗ ಗಾಳಿ ಸಿಕ್ರ ಹಾವಿನಂಗ ಒದ್ದಾಡತೈತಿ. ನೀರು ತುಂಬಿದ ಪೈಪು ಸುಮ್ಮನ ಮಲಗತೈತಿ!"

ಆದರೂ ಗಾಳಿ ಬಿಡಿಸಿಕೊಂಡವರದೂ ಒಂದು ಮಾತು ಕೇಳಬೇಡವೇ? ಸಿಂದಗಿಯ ನಿವೃತ್ತ ಹೆಡ್‌ಮಾಸ್ತರರ ಮನೆಗೆ ಹೋದೆವು. ಬಾಗಿಲಲ್ಲಿ ಹತ್ತಾರು ಜೊತೆ ಚಪ್ಪಲಿ ಇದ್ದವು. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ನಾನು ಮಾಮಾನ ಅಂಗಿ ಜಗ್ಗಿದೆ. ಕೇಳುತ್ತಾರೆಯೇ?

"ಸರ, ನಿಮಗ ಒಳಗ ಗಾಳಿ ಬಿಟ್ಟಿದ್ರೋ, ನೀರು ಬಿಟ್ಟಿದ್ರೋ?"

ಉಪ್ಪಿಟ್ಟಿನ ತಟ್ಟೆ ಹಿಡಿದ ಹುಡುಗಿ ನಡುಮನೆಯಲ್ಲೇ ನಿಂತಳು. ಮಾಸ್ತರರು ಕೆಮ್ಮಿ, ಸುತ್ತ ನೋಡಿ, ತಗ್ಗಿದ ದನಿಯಲ್ಲಿ, "ಗಾಳಿರಿ. ಸಂಜೀತನಾ ಫುಟ್‌ಬಾಲ್ ಆಗಿದ್ದೆ," ಎಂದರು. ನಾನು ನೆಲ ನೋಡುತ್ತ ನಿಂತೆ. ಅಷ್ಟರಲ್ಲಿ, ಅದುವರೆಗೆ ಬಿಗಿದುಕೊಂಡು ಕೂತಿದ್ದ ಗಂಡಿನ ತಂದೆ ಕುರ್ಚಿಯನ್ನು ಮಾಮಾನ ಹತ್ತಿರ ಎಳೆದುಕೊಂಡರು!

"ನನಗೂ ಮಾಡಿಸ್ಕೋ ಅಂದಾರ್ರಿ. ಅಂಜಿ ಕುಂತೇನಿ. ಈ ನೀರಿಂದು ಎಲ್ಲಿ ಮಾಡ್ತಾರ?"

ಮುಂದೆ ಒಂದು ತಾಸು ಕರುಳಿನದೇ ಮಾತು. ಹುಡುಗಿಗೆ ಯಾರೂ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಸಂಬಂಧ ಕೂಡಿತು!

ಈ ಸಂಶೋಧನೆಯನ್ನೆಲ್ಲ ಹೊತ್ತುಕೊಂಡು ಡಾಕ್ಟರಮ್ಮನ ಎದುರು ಕೂತೆವು. ಅವರು ನಕ್ಕು, "ನಾವೂ ಒಳಗ ಹೋಗುವಾಗ ನೀರ ಬಿಡ್ತೇವ್ರಿ. ವಾಪಸ್ ಬರುವಾಗ ನೋಡಾಕ ಜಾಗ ಬೇಕಲ್ಲ, ಅದಕ್ಕ ಸ್ವಲ್ಪ ಕಾರ್ಬನ್ ಡೈಆಕ್ಸೈಡ್. ಅದನ್ನ ಮೈ ಲಗೂನ ಹೀರ್ಕೊಂತೈತಿ, ಉಬ್ಬರ ಉಳಿಯಂಗಿಲ್ಲ," ಎಂದರು.

"ಸೋಡಾದಾಗ ಇರ್ತೈತಲ್ಲ, ಅದ? ಹಂಗಾರ ತೇಗು ಬರ್ತಾವೇನ್ರಿ?"

"ಬಂದ್ರೂ ಮ್ಯಾಲಿಂದ ಅಲ್ಲರಿ!"

ಮೊದಲು ಮಾಮಾನ ಸರದಿ. ಹೊರಗೆ ಬಾಗಿಲಿಗೆ ಕಿವಿಗೊಟ್ಟು ಕೂತಿದ್ದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮಂಪರಿನಲ್ಲಿ ತೊದಲುವ ಅವರ ದನಿ: "ಡಾಕ್ಟ್ರ, ಮುಂದ ತಿರುವು ಐತ್ರಿ. ಸಾವಕಾಶ!" ಪರದೆಯ ಮೇಲೆ ಸ್ವಂತ ಕರುಳು ನೋಡುತ್ತ ದಾರಿ ಹೇಳುತ್ತಿದ್ದರು! ಹೊರಬಂದಾಗ ಪಂಚಾಯ್ತಿ ಚುನಾವಣೆ ಗೆದ್ದವರ ಮುಖ. ಗುಲಾಲು ಒಂದು ಕಡಿಮೆ. "ಒಂದ ಕಡೆ ಚುಳುಕ್ ಅಂತು. ಸಿಸ್ಟರು ಹೊಟ್ಟಿ ಒತ್ತಿ, ಮಗ್ಗಲಾ ಬದಲಿಸಿದ್ರು. ಹೋತು. ಇಷ್ಟಕ್ಕ ಅಂಜ್ತಿಯೇನು?" ಒಳಗೊಂದು ಸಣ್ಣ ಗಂಟು ಸಿಕ್ಕಿತ್ತು, ಅಲ್ಲೇ ತೆಗೆದಿದ್ದರು. ಕೆಟ್ಟದ್ದಲ್ಲವೆಂದು ಆಮೇಲೆ ರಿಪೋರ್ಟು ಬಂತು. ಬಿಟ್ಟಿದ್ದರೆ ಮುಂದೆಂದಾದರೂ ಕೆಡಬಹುದಿತ್ತಂತೆ. ಮಾಮಾ ನಾಲ್ಕೂ ತಾಲೂಕಿಗೆ ಫೋನು ಹಚ್ಚಿದರು.

ನನಗೆ ಇನ್ನು ಯಾವ ಹಪ್ಪಳ, ಯಾವ ಶ್ರಾವಣ? ಹೋದೆ. ಮಲಗಿದೆ. ಕೈಗೆ ಸೂಜಿ, ಕಣ್ಣಿಗೆ ಸಿಹಿಯಾದ ಭಾರ, ಒಳಗೆಲ್ಲೋ ಬೆಚ್ಚಗಿನ ನೀರು. ಒಂದು ತಿರುವಿನಲ್ಲಿ ಹಿಡಿದಂತಾಯಿತು, ಸಿಸ್ಟರ ಅಂಗೈ ಹೊಟ್ಟೆಯ ಮೇಲೆ ಒತ್ತಿತು, ಬಿಟ್ಟಿತು. ಪರದೆಯ ಮೇಲೆ ತಿಳಿಗುಲಾಬಿ ಗೋಡೆ. ಅದರ ಮೇಲೆ ಕಸೂತಿಗೆ ಬಿಡಿಸಿದ ಎಳೆಗಿಂತ ಸಣ್ಣ ಕೆಂಪು ನರಗಳು. ಇಷ್ಟು ಚೆಂದದ್ದನ್ನು ಒಳಗಿಟ್ಟುಕೊಂಡು ಇಷ್ಟು ದಿನ ನಾಚಿಕೊಂಡೆನೆ!

"ಏನೂ ಇಲ್ಲವ್ವಾ. ಸ್ವಚ್ಛ ಐತಿ," ಎಂದರು ಡಾಕ್ಟರಮ್ಮ.

ಹೊರಗೆ ಮಾಮಾಗೆ ಹೇಳಿದೆ. ಕುಣಿದಾರು ಎಂದುಕೊಂಡಿದ್ದೆ. ಅವರು ನಳದ ಹತ್ತಿರ ಹೋಗಿ ಮುಖ ತೊಳೆದು, ಒರೆಸಿಕೊಳ್ಳದೆ ಹಾಗೇ ಬಂದು ನನ್ನ ಪಕ್ಕ ಕೂತರು.

"ಅಕ್ಕ ಹೋಗೂ ಮುಂದ ನನ್ನ ಕೈ ಹಿಡಕೊಂಡು ಹೇಳಿದ್ಳವ್ವಾ. 'ನನ್ನ ಮಗಳು ಅಂಜುಬುರಕಿ. ಮೊದಲ ನೀ ಹೋಗಿ ನೋಡು. ತ್ರಾಸ ಇಲ್ಲಂದ್ರ ಅಕಿನ್ನ ಕರಕೊಂಡು ಹೋಗು' ಅಂತ."

ನಾನು ಅವರ ತೋಳಿಗೆ ಹಣೆ ಹಚ್ಚಿ ಅತ್ತುಬಿಟ್ಟೆ. "ಮಂಪರು ಇನ್ನೂ ಇಳಿದಿಲ್ಲರಿ, ಹಂಗ ಆಗತೈತಿ," ಎಂದು ಸಿಸ್ಟರು ಮಾಮಾಗೆ ಸಮಾಧಾನ ಹೇಳಿದರು.

ಮಂಪರು ಯಾವಾಗಲೋ ಇಳಿದಿತ್ತು. ನಾನು ಹೇಳಲಿಲ್ಲ.