ಮೂಗುಬಟ್ಟಿನ ಪಟ

ಗುರಿ ತಪ್ಪುವುದರಲ್ಲಿ ನಮ್ಮ ಸೋದರಮಾವನನ್ನು ಮೀರಿಸುವವರು ಇಡೀ ಹೊಳೆನರಸೀಪುರದಲ್ಲಿ ಇರಲಿಲ್ಲ. ಬೇಟೆಯ ಮಾತಲ್ಲ, ಫೋಟೋದ ಮಾತು! ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದ ಮಾವ ಐವತ್ತರ ದಶಕದ ಕೊನೆಯಲ್ಲಿ ಎಲ್ಲಿಂದಲೋ ಒಂದು ಹಳೆಯ ಡಬ್ಬಿ ಕ್ಯಾಮೆರಾ ತಂದ. ಮದುವೆಗೆ ಬಾ ಎಂದು ಜನ ಕರೆದರೆ, "ಮೊಕ ಎಲ್ರಿಗೂ ಕಾಣ್ತದೆ. ಕಾಣ್ದೇ ಇರೋದ್ನ ತೆಗೀಬೇಕು ಕಣ್ರಯ್ಯಾ" ಎಂದು ವಾಪಸು ಕಳಿಸಿದ. ಅವನಿಗೆ ಬೇಕಾಗಿದ್ದದ್ದು ಸಾಸಿವೆ, ಇರುವೆ, ಅಕ್ಕಿಹುಳ!

ಗಡಿಯಾರ ರಿಪೇರಿಯವನನ್ನು ಕಾಡಿ ಬೇಡಿ ತಂದ ಭೂತಗನ್ನಡಿಯನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಕ್ಯಾಮೆರಾದ ಮೂತಿಗೆ ಬಿಗಿದ. ಸಾಸಿವೆ ಎಷ್ಟು ದೂರದಲ್ಲಿರಬೇಕು? ಬಿಸಿಲಿಗೆ ಗಾಜು ಹಿಡಿದಾಗ ಎಲ್ಲಿ ಸುಡುತ್ತದೋ ಅಷ್ಟು ದೂರ. ಈ ಪ್ರಯೋಗಕ್ಕೆ ಅತ್ತೆಯ ಹೊಸ ಸೀರೆಯೇ ಸಿಗಬೇಕೇ! ಕೊನೆಗೆ ಕ್ಯಾಮೆರಾಕ್ಕೆ ಅರ್ಧ ಗೇಣು ದಾರ ಕಟ್ಟಿದ. ದಾರದ ತುದಿ ವಸ್ತುವಿಗೆ ತಾಗಿದೊಡನೆ ಗುಂಡಿ ಒತ್ತುವುದು.

ಬೋರಲು ಹಾಕಿದ ಸೇರಿನ ಮೇಲೆ ಒಂದೇ ಒಂದು ಸಾಸಿವೆ ಇಟ್ಟು ತೆಗೆದ. ಹಾಸನದ ಸ್ಟುಡಿಯೋದಲ್ಲಿ ರೋಲು ತೊಳೆಸಿ ತಂದರೆ ಸಾಸಿವೆ ನಾಪತ್ತೆ, ಸೇರಿನ ಹೊಟ್ಟೆಯ ನಗ್ಗು ಮಾತ್ರ ಲಕ್ಷಣವಾಗಿ ಬಂದಿತ್ತು. ಬೆಲ್ಲದ ಚೂರಿನ ಮೇಲಿನ ಇರುವೆ ತೆಗೆದ. ಇರುವೆ ಇಲ್ಲ, ಬೆಲ್ಲ ಹಿಡಿದಿದ್ದ ಅತ್ತೆಯ ಹೆಬ್ಬೆರಳು ಇತ್ತು. "ಮದ್ವೆಯಾಗಿ ಅನ್ನೆರ್ಡು ವರ್ಸಕ್ಕೆ ನನ್ ಬೆರಳ್ಗಾದ್ರೂ ಪಟದ ಯೋಗ ಬಂತಲ್ಲ" ಎಂದಳು ಅತ್ತೆ.

ಇತ್ತ ಅರಕಲಗೂಡಿನಲ್ಲಿದ್ದ ನಮ್ಮ ತಾಯಿಗೆ ಒಂದೇ ಚಿಂತೆ. ಮಾವನ ಮನೆಯಲ್ಲಿದ್ದ ಅಜ್ಜಿಗೆ ಆಗಲೇ ಕೆಮ್ಮು, ನಿಶ್ಶಕ್ತಿ. ಅವಳದೊಂದು ಪಟವೂ ಇಲ್ಲ. ಮಾವ ಕೇಳಿದರೆ ಅಜ್ಜಿ ಮುಖಕ್ಕೆ ಸೆರಗು ಎಳೆದುಕೊಂಡಳು. "ಪಟ ಇಡಿಸ್ಕಂಡ್ರೆ ಆಯಸ್ಸು ಕಮ್ಮಿಯಾಯ್ತದೆ ಕಣ್ಲಾ. ನಿಮ್ಮಪ್ಪ ಇಡಿಸ್ಕಂಡ, ಒಂಟೋದ."

"ಅಪ್ಪಂಗೆ ಎಂಬತ್ತಾಗಿತ್ತಲ್ಲವ್ವ."

"ಪಟ ಇಡಿಸ್ದೇ ಇದ್ದಿದ್ರೆ ಇನ್ನೊಸಿ ದಿನ ಇರ್ತಿದ್ದ."

ಮಾವ ಬಿಡಲಿಲ್ಲ. "ಮೊಕ ಬ್ಯಾಡ. ನಿನ್ ಮೂಗುಬಟ್ಟು ತೆಗೀತೀನಿ. ಆಣೆಗೂ ಅದ್ಕೇ ಗುರಿ ಇಡ್ತೀನಿ."

ತವರಿನದೆಂದು ಅಜ್ಜ ಹೋದ ಮೇಲೂ ಬಿಚ್ಚದೆ ಉಳಿಸಿಕೊಂಡಿದ್ದ ಮೂಗುಬಟ್ಟು ಅದು. ಚಿನ್ನಕ್ಕೆಂಥ ಆಯಸ್ಸು ಎಂದು ಅಜ್ಜಿ ಒಪ್ಪಿದಳು. ದಾರದ ತುದಿ ಮೂಗಿಗೆ ತಾಗಿ ಕಚಗುಳಿಯಾಯಿತು. ಬಾಯಿಗೆ ಸೆರಗು ಅಡ್ಡ ಹಿಡಿಯದೆ ಎಂದೂ ನಗದಿದ್ದ ಅಜ್ಜಿ ಸೆರಗು ಮರೆತು ನಕ್ಕಳು. ಮಾವ ಗುಂಡಿ ಒತ್ತಿದ.

ಆ ರೋಲಿನಲ್ಲಿ ಉಳಿದುವೆಲ್ಲ ಹಾಳಾದುವೆಂದು ಹೇಳಿ ಮಾವ ಒಂದೇ ಪಟ ತಂದ. ಅದರಲ್ಲಿ ಮೂಗುಬಟ್ಟು ಇರಲಿಲ್ಲ! ಅಜ್ಜಿಯ ನಗುವ ಬಾಯಿ, ಎರಡು ಹಲ್ಲಿನ ಸಂದು, ಗಲ್ಲದ ಹಚ್ಚೆಯ ಚುಕ್ಕಿ ಮಾತ್ರ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. "ಬುಡು, ಗುರಿ ಗೊತ್ತಿಲ್ದೋನು" ಎಂದು ಅಜ್ಜಿ ಅವನನ್ನು ಕ್ಷಮಿಸಿದಳು.

ಎರಡು ವರ್ಷದ ಮೇಲೆ ಅಜ್ಜಿ ತೀರಿಕೊಂಡಳು. ತಾಯಿ ಹೇಳಿದಳೆಂದು ಆ ಪಟವನ್ನು ದೊಡ್ಡದು ಮಾಡಿಸಲು ನಾನು ಹಾಸನದ ಸ್ಟುಡಿಯೋಗೆ ಹೋದೆ. ಮಾವನ ಗುರಿಯ ಕಥೆ ಹೇಳಿ ನಕ್ಕರೆ ಸ್ಟುಡಿಯೋದವನು ನಗಲಿಲ್ಲ.

"ನೋಡೋ ಕಿಂಡಿ ಮ್ಯಾಲೈತೆ, ಪಟ ತೆಗ್ಯೋ ಗಾಜು ಕೆಳಗೈತೆ ಸಾ. ಅತ್ರದ್ದು ತೆಗ್ಯೋವಾಗ ಪಟ ಕೆಳಕ್ಕೋಯ್ತದೆ, ಗುರಿ ಒಸಿ ಮ್ಯಾಲಕ್ಕಿಡಿ ಅಂತ ಮೊದ್ಲನೇ ರೋಲ್‌ಗೇ ಯೋಳಿದ್ದೆ. ಎರಡ್ನೇದ್ರಲ್ಲಿ ಎಳ್ಳು, ಜೀರ್ಗೆ ಎಲ್ಲಾ ನಟ್ಟನಡುವೆ ಬಂದಿದ್ವು. ಅಜ್ಜಿದೊಂದೇ ಕೆಳಕ್ಕೋಗಿದ್ದು."

ಹೊಳೆನರಸೀಪುರಕ್ಕೆ ಬಂದು ಮಾವನನ್ನು ಕೇಳಿದೆ. "ಅವ್ವಂಗೆ ಮಾತು ಕೊಟ್ಟಿದ್ದೆ. ಮೂಗುಬಟ್ಟಿಗೇ ಗುರಿ ಇಟ್ಟಿದ್ದೆ ಕಣ್ಲಾ, ಒಸೀನೂ ಮ್ಯಾಲಕ್ಕಿಡ್ಲಿಲ್ಲ" ಎಂದ. ಆಮೇಲೆ ಟ್ರಂಕು ತೆಗೆದು, ಯಾರಿಗೂ ತೋರಿಸದೆ ಪಂಚೆಯ ಅಡಿಯಲ್ಲಿ ಬಚ್ಚಿಟ್ಟಿದ್ದ ಅದೇ ರೋಲಿನ ಪಟವೊಂದನ್ನು ನನ್ನ ಕೈಗಿತ್ತ. ಒಂದು ಜೀರಿಗೆ ಕಾಳು, ಮೈಮೇಲಿನ ಗೆರೆ ಗೆರೆ ಸಹಿತ, ನಟ್ಟನಡುವೆ ಇತ್ತು. ಜೀರಿಗೆ ನೋಡಿ ಅತ್ತವನು ಹಾಸನ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.